ಮರಾಠಿ ಶಾಲೆಯಲ್ಲಿ ಕನ್ನಡದ ಚೀಟಿ

ತಂಗಿ ಕುಸುಮಾ,

ನೀನು ಹೋಗಿ ಮೂವತ್ತೈದು ವರ್ಷ. ನಾನು ಅಡುಗೆ ಮಾಡುವ ಗಡಹಿಂಗ್ಲಜದ ಮರಾಠಿ ಶಾಲೆಯಲ್ಲಿ ಇಂದು ಶಿಕ್ಷಕಿ ಮನಾಲಿ ಬಾಯಿಯವರು ಹುಡುಗಿಯರ ಜೊತೆ ಮುಟ್ಟಿನ ಬಗ್ಗೆ ಮಾತಾಡಿದರು. ಹೆಸರು ಹಾಕದೆ ಪ್ರಶ್ನೆ ಬರೆಸಿ ಡಬ್ಬಿಯಲ್ಲಿ ಹಾಕಿಸಿದರು. ಒಂದು ಚೀಟಿ ಮಾತ್ರ ಕನ್ನಡದ್ದು. ಅಲ್ಲಿ ಯಾವ ಹುಡುಗಿಗೂ ಕನ್ನಡ ಬರೆಯಲು ಬಾರದು.

"ಮಾವಶಿ, ನೀವ ಓದ್ರಿ," ಎಂದು ಬಾಯಿಯವರು ನನ್ನನ್ನು ಕರೆದರು.

"ಅಕ್ಕಾ, ರಕ್ತ ಬಂದ ದಿನ ಬಸದಿಯೊಳಗ ಹೋಗಿದ್ನಿ. ಪಾಪ ಹತ್ತತೈತೇನ?"

ನೀನು ಕೇಳಿದ್ದೂ ಇದನ್ನೇ. "ಹತ್ತಲಾರದ ಬಿಡತೈತೇನ?" ಎಂದಿದ್ದೆ ನಾನು. ಮಾರನೆಯ ದಿನ ಬಾವಿಯ ಕಡೆ ಹೋದ ನೀನು ತಿರುಗಿ ಬರಲಿಲ್ಲ.

"ಇಲ್ಲವಾ, ಯಾವ ಪಾಪಾನೂ ಹತ್ತಂಗಿಲ್ಲ!" ಎಂದು ಇವತ್ತು ಕೂಗಿ ಹೇಳಿದೆ.

ಹುಡುಗಿಯೊಬ್ಬಳು ಕಿಸಕ್ಕನೆ ನಕ್ಕಳು. "ಮಾವಶಿ, ನಾವು ಇಲ್ಲಿ ಕುಂತೇವಿ. ಬಾಗಲದ ಕಡೆ ನೋಡಕೋತ ಯಾರಿಗೆ ಹೇಳಾಕತ್ತೀರಿ?"