ಹೂಂ ಅನ್ನುವವನು

ನವೆಂಬರ್ 19, 2007. ಸೋಮವಾರ

ಮಿಷನ್ನಿಗೆ ಎಣ್ಣೆ ಬಿಟ್ಟೆ. ನಿನ್ನೆ ತಾನೇ ಒರೆಸಿದ್ದು, ಮತ್ತೆ ರಸ್ತೆಯ ಅದಿರು ಲಾರಿಗಳ ಕೆಂಪು ಧೂಳು. ಬಿಳಿ ಅಂಗಿ ಹೊಲಿಯಲು ಒಪ್ಪಿಕೊಳ್ಳುವುದನ್ನೇ ಬಿಟ್ಟಿದ್ದೇನೆ.

ಸಂಜೆ ಅಂಗಡಿ ಮುಂದೆ ಓಣಿಯವರೆಲ್ಲ ಸೇರಿದ್ದರು. ಶುಕ್ರವಾರದ ಸಭೆಯದೇ ಮಾತು. ನಮ್ಮ ಕಣಿವೆಯಲ್ಲಿ ಗಣಿ ಬೇಕೋ ಬೇಡವೋ, ಊರವರು ಅಧಿಕಾರಿಗಳ ಎದುರು ಹೇಳಬೇಕು. ಅವರು ಬರೆದುಕೊಳ್ಳುತ್ತಾರೆ. ಗಣಿ ಬಂದರೆ ಹಳ್ಳ ಹೋಯಿತು, ಹಳ್ಳದ ಹಿಂದೆ ಬಾವಿಗಳೂ ಹೋದವು. ಮೊದಲು ಎದ್ದು ಮಾತಾಡಬೇಕಾದವನು ನಾನಂತೆ.

ಎದುರುಮನೆ ಸಂಗಮ್ಮ: "ನೀ ಬಾಯಿ ತಗದ್ರ ನಾವೆಲ್ಲಾ ಹಿಂದ ಅದೀವಿ, ಹೊನ್ನೂರಪ್ಪ. ನಮಗ ಮೈಕ್ ಕಂಡ್ರ ನಾಲಿಗಿ ಒಣಗತೈತಿ."

"ಬಾಯಿ ತಗಿಯೂದು ಭಾಳ ಚಲೋ ಬರತೈತಿ ಇವ್ರಿಗೆ. ಮುಚ್ಚೂದ ಕಷ್ಟ." ಇದು ನನ್ನ ಹೆಂಡತಿ ನೀಲಗಂಗಮ್ಮ.

ನವೆಂಬರ್ 20

ಕೊಟ್ರಬಸಪ್ಪ ಬಂದಿದ್ದ. ಎಷ್ಟು ದಿನಕ್ಕೆ... ಎರಡು ಟಿಪ್ಪರ್ ಇಟ್ಟ ಮೇಲೆ ಕೈಗೇ ಸಿಗುವುದಿಲ್ಲ. ಹೊಸಪೇಟೆಯಿಂದ ಬೆನ್ನಿಗೆ ಹಾಕುವ ದೊಡ್ಡ ಬ್ಯಾಗು ಎರಡು, ಒಂದು ಟೆಂಟು ತಂದಿದ್ದಾನೆ. ಒಂದು ಬ್ಯಾಗು ನನಗೇ ಅಂತೆ. ಹೊಲಿಗೆ ತಿರುವಿ ನೋಡಿದೆ — ಗಟ್ಟಿ.

"ಕಣಿವಿಗುಂಟ ನಡದು ಸಿದ್ದನ ಬಯಲಿಗೆ ಹೋಗೂಣು ನಡಿ ಲೇ. ಸಾಲಿ ಬಿಟ್ಟ ಮ್ಯಾಲೆ ಹೋಗೇ ಇಲ್ಲ. ಗುರುವಾರ ಸಂಜಿಗೆ ಮನಿ. ನಿನ್ನ ಭಾಷಣಾನೂ ದಾರ್ಯಾಗ ತಯಾರಾಗತೈತಿ."

ಹೊರಡಲೇಬೇಕು. ಕಥೆ ಹೇಳಬೇಕಾದರೆ ಎದುರಿಗೆ ಹೂಂ ಅನ್ನುವವನೊಬ್ಬ ಬೇಕು. ಹೂಂ ನಿಂತರೆ ಕಥೆಯೂ ನಿಲ್ಲಬೇಕು. ನಮ್ಮಜ್ಜಿಯಿಂದ ಕಲಿತ ನಿಯಮ. ಆರನೇ ಇಯತ್ತೆಯಿಂದ ನನಗೆ ಹೂಂ ಅಂದವನು ಇವನು. ಇವನಂತೆ ಯಾರಿಗೂ ಬರುವುದಿಲ್ಲ.

ನವೆಂಬರ್ 21. ಸಂಜೆ, ಸಿದ್ದನ ಬಯಲು

ಇಡೀ ದಿನ ನಡಿಗೆ. ಹಳ್ಳದ ಗುಂಟ ಬಿದಿರು, ಮೇಲೆ ಹೋದಂತೆ ದಿಂಡಿಗದ ಕಾಡು. ಒಂದು ಕಡೆ ಕರಡಿ ಹಿಕ್ಕೆ, ಹಸಿ ಇತ್ತು. ಕೊಟ್ರ ನನ್ನ ಹಿಂದೆ ಬಂದು ನಿಂತ. "ನೀ ಮುಂದ ನಡಿ. ಕರಡಿಗೂ ಒಂದು ಕಥಿ ಹೇಳು, ಮಲಕ್ಕಂತೈತಿ."

ದಾರಿಯಲ್ಲಿ ಭಾಷಣ ಹೇಳಿ ತೋರಿಸಿದೆ. ಹಳ್ಳ ಎಲ್ಲಿ ಹುಟ್ಟುತ್ತದೆ, ಯಾರ ಬಾವಿಗೆ ಹೋಗುತ್ತದೆ, ಎಲ್ಲ. ಪ್ರತಿ ಮಾತಿಗೂ ಹೂಂ ಅಂದ. ಕೊನೆಗೆ ಬಗ್ಗಿ ಬೂಟಿನ ದಾರ ಬಿಗಿದುಕೊಂಡ. "ಮಸ್ತ್ ಐತಿ" ಅಂದ ಆಮೇಲೆ.

ಬಯಲಲ್ಲಿ ಟೆಂಟು. ರೊಟ್ಟಿ, ಶೇಂಗಾ ಚಟ್ನಿ. ಬೆಂಕಿ ಮುಂದೆ ಕಂಬಳಿ ಕುರುಬನ ಕಥೆ ಎತ್ತಿಕೊಂಡೆ — ಬೆಟ್ಟದ ಹಳ್ಳವನ್ನೇ ಕಂಬಳಿಯಲ್ಲಿ ಸುತ್ತಿ ಹೆಗಲಿಗೆ ಹಾಕಿಕೊಂಡು ಊರೂರು ತಿರುಗಿದವನು. ದೊಡ್ಡ ಕಥೆ. ಅರ್ಧಕ್ಕೇ ಕಣ್ಣು ಎಳೆಯಿತು.

ನವೆಂಬರ್ 22

ಬ್ಯಾಗು ಕಟ್ಟುತ್ತಿದ್ದೆ. ಕೊಟ್ರ ಮೇಲಿನ ಬಂಡೆಗೆ ಹೋಗಿ ಬಂದ. ಅಲ್ಲೊಂದೇ ಕಡೆ ಫೋನು ಸಿಗುತ್ತದೆ. "ಸಭಿ ಮುಂದ ಹೋತಂತ. ಸಾಹೇಬ್ರಿಗೆ ಬ್ಯಾರೆ ಮೀಟಿಂಗ್. ಮುಂದಿನ ತಿಂಗಳ ನೋಡೂಣು ಅಂದಾರ."

ಎದೆ ಹಗುರಾಯಿತು, ಸುಳ್ಳೇಕೆ. ನನಗೂ ಮೈಕಿನ ಭಯವೇ.

"ಹಂಗಾದ್ರ ಇವತ್ತು, ನಾಳಿ ಇಲ್ಲೇ ಇರೂಣು. ಕಥಿ ಮುಗಸು" ಅಂದ. ಬ್ಯಾಗು ಬಿಚ್ಚಿದೆ. ಇಂಥ ಕೇಳುಗ ಸಿಗುವುದು ಎಲ್ಲಿ.

ನವೆಂಬರ್ 23

ಬೆಳಿಗ್ಗೆಯಿಂದ ಕಥೆ. ಕೊಟ್ರನ ಹೂಂ ಇವತ್ತು ತಪ್ಪಿ ತಪ್ಪಿ ಬರುತ್ತಿದೆ. ಕುರುಬನ ತಾಯಿ ಸತ್ತ ಜಾಗಕ್ಕೂ ಹೂಂ, ಆಡು ಕೆಮ್ಮಿದ್ದಕ್ಕೂ ಹೂಂ. ಮತ್ತೆ ಮತ್ತೆ ವಾಚು ನೋಡಿಕೊಂಡ. ನಡೆದು ದಣಿದಿರಬೇಕು ಪಾಪ. ಕುರುಬನನ್ನು ಮರದ ಕೆಳಗೆ ಮಲಗಿಸಿ ಕಥೆ ಅಲ್ಲಿಗೆ ಬಿಟ್ಟೆ.

ನವೆಂಬರ್ 24. ಮನೆ

ಊರ ಮುಂದೆ ಶಾಮಿಯಾನ ಬಿಚ್ಚುತ್ತಿದ್ದರು.

ಮದುವೆ ಯಾರದು ಅಂತ ಕೇಳಿದೆ. ಸಂಗಮ್ಮ ನನ್ನ ಬೆನ್ನ ಮೇಲಿನ ಬ್ಯಾಗನ್ನೇ ನೋಡಿದಳು. "ಸಭಿ ಮುಗೀತಪ್ಪ ನಿನ್ನೆ. ಯಾರರೆ ಮಾತಾಡ್ತೀರೇನು ಅಂತ ಮೂರು ಸರ್ತಿ ಕೇಳಿದ್ರು. ನೀ ಬರ್ತಿ ಅಂತ ದಾರಿ ನೋಡಿದ್ವಿ. ವಿರೋಧ ಇಲ್ಲ ಅಂತ ಬರಕೊಂಡು ಹೋದ್ರು."

"ಮುಂದ ಹೋಗಿತ್ತಲ್ಲ?"

"ಯಾರಂದ್ರು?"

ತಿರುಗಿದೆ. ಕೊಟ್ರ ಬೂಟಿನ ಮಣ್ಣು ಕಲ್ಲಿಗೆ ಉಜ್ಜುತ್ತಿದ್ದ. ತಲೆ ಎತ್ತಲಿಲ್ಲ.

"ನೀ ಒಬ್ಬಾಂವ ಮಾತಾಡಿದ್ರ ನಿಲ್ತಿತ್ತೇನಲೇ ಅದು? ಇವತ್ತಿಲ್ಲ ನಾಳಿ ಬರೂದ. ಬಂದ್ರ ನನ್ನ ಟಿಪ್ಪರ್ ಓಡಬೇಕಲ್ಲ." ಇನ್ನೊಂದು ಬೂಟು ಕಲ್ಲಿಗೆ ಒತ್ತಿ, "ಕಥಿ ಮಾತ್ರ ಖರೇನ ಕೇಳಿದ್ನಿ."

ಇಡೀ ಊರಿಗೆ ಕೇಳಬೇಕಾದ ಮಾತನ್ನು ಇವನೊಬ್ಬನಿಗೆ ಹೇಳಿ ಬಂದಿದ್ದೇನೆ. ಅದಕ್ಕೂ ಹೂಂ ಅಂದಿದ್ದ.

ನವೆಂಬರ್ 27

ಸಂಗಮ್ಮ ರವಿಕೆ ಬಟ್ಟೆ ವಾಪಸ್ ಒಯ್ದಳು. ಹೊಲಿಸುವುದು ಈಗ ಬ್ಯಾಡವಂತೆ.

ಡಿಸೆಂಬರ್ 16. ಭಾನುವಾರ, ಸಂಜೆ

ಕಣಿವೆ ಬಾಯಿಗೆ ಜೆಸಿಬಿ ಬಂದಿದೆ.

ಇಷ್ಟು ದಿನ ಯಾರಿಗೂ ಕಥೆ ಹೇಳಿಲ್ಲ. ಕುರುಬನ ಕಥೆ ಎಲ್ಲಿ ನಿಂತಿತು ಅನ್ನುವುದನ್ನಷ್ಟೇ ಹೆಂಡತಿಗೆ ಹೇಳಿದ್ದೆ. ಇವತ್ತು ನೀಲಗಂಗಮ್ಮನೇ ಕೇಳಿದಳು, ರೊಟ್ಟಿ ಬಡಿಯುತ್ತ. "ಆ ಕುರುಬನ್ನ ಮರದ ಬುಡಕ್ಕ ಮಲಗಿಸಿ ಬಂದೀರಿ. ಎಬ್ಬಸ್ರಿ ಇನ್ನ." ಶುರು ಮಾಡಿದೆ. ಎರಡು ರೊಟ್ಟಿಗೊಂದು ಹೂಂ ಅವಳದು. ಕುರುಬ ಎದ್ದ, ಹೆಗಲು ಮುಟ್ಟಿ ನೋಡಿಕೊಂಡ, ಕಂಬಳಿ ಇಲ್ಲ —

"ಹೂಂ."

ಒಲೆಯ ಕಡೆಯಿಂದಲ್ಲ. ಹೊರಗಿನ ಕಟ್ಟೆಯಿಂದ. ಎಷ್ಟು ಬೇಕೋ ಅಷ್ಟೇ, ಎಲ್ಲಿ ಬೀಳಬೇಕೋ ಅಲ್ಲೇ.

ನೀಲಗಂಗಮ್ಮ ಬಡಿಯುವುದನ್ನು ನಿಲ್ಲಿಸಿದಳು. ನಾನೂ ಬಾಯಿ ಮುಚ್ಚಿದೆ. ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಅವನಿನ್ನೂ ಎದ್ದು ಹೋಗಿಲ್ಲ. ಬೂಟು ಕಲ್ಲಿಗೆ ಉಜ್ಜುವ ಸಪ್ಪಳ.

"ಮುಂದ?" ಅಂದ ಈಗ.

ಮುಂದೆ ಆ ಕುರುಬ...