ಕಾಯಕಲ್ಪದ ಚೀಟಿ

ಮಾರ್ಚ್ ೧೪, ಗುರುವಾರ

ಪ್ರೀತಿಯ ತಂಗಿಗೆ,

ಅಕ್ಕನ ಆಶೀರ್ವಾದ. ನಿನ್ನ ಕಾಗದ ಬಂದು ಇಪ್ಪತ್ತು ದಿನವಾಯಿತು, ತಡವಾದದ್ದಕ್ಕೆ ಬೇಸರಪಡಬೇಡ. ಸಿಟ್ಟು ಇಳಿಯಲಿ ಎಂದು ಕಾದೆ. ಇಳಿಯಲಿಲ್ಲ, ಹಾಗೇ ಬರೆಯುತ್ತಿದ್ದೇನೆ.

ನಿನ್ನ ಸೊಂಟನೋವು ಹೋದದ್ದು ಸಂತೋಷ. 'ಅಕ್ಕನ ಮನೆಯಲ್ಲಿ ಹದಿನೈದು ದಿನ ಇದ್ದು ನನಗೆ ಕಾಯಕಲ್ಪವೇ ಆಯಿತು' ಎಂದು ಬರೆದು, ಕೆಳಗೆ 'ಭಾವ, ಈ ಪದ ಎಲ್ಲಿಂದ ಬಂತು?' ಎಂದೂ ಕೇಳಿದೆಯಲ್ಲ. ನಿನ್ನ ಭಾವನ ನಿಘಂಟಿನ ಕೆಲಸ ಗೊತ್ತೇ ಇದೆ. ಪದಕ್ಕೊಂದು ಚೀಟಿ, ಅದರಲ್ಲಿ ಅರ್ಥ, ಮೂಲ, ಕೊನೆಗೆ ಯಾರಾದರೂ ಆಡಿದ ಅಥವಾ ಬರೆದ ಒಂದು ವಾಕ್ಯ. ನಿನ್ನ ಕಾಗದ ಓದಿದ್ದೇ ತಡ, ಊಟದ ತಟ್ಟೆ ಬಿಟ್ಟು ಎದ್ದರು.

"ಕಾಯ ಅಂದ್ರೆ ಮೈ ಕಣೇ, ಕಲ್ಪ ಅಂದ್ರೆ ಅಣಿ ಮಾಡೋ ವಿಧಾನ. ಎರಡೂ ಸಂಸ್ಕೃತದ್ದು. ಮುಪ್ಪಾದ ಮೈಗೆ ಮತ್ತೆ ಹರೆಯ ತರೋ ಚಿಕಿತ್ಸೆ. ಈಗ ಹಳೇ ಕಟ್ಟಡ ರಿಪೇರಿಗೂ ಹಂಗೇ ಅಂತಾರೆ."

"ನಾನೇನು ಕೇಳಿದ್ನಾ?" ಎಂದೆ. ಅವರಿಗೆ ಕೇಳಿಸಲಿಲ್ಲ. ಮರುದಿನ ಗಡ್ಡ ಬೋಳಿಸಿ, ಇಸ್ತ್ರಿ ಅಂಗಿ ತೊಟ್ಟು ಬರೆಯಲು ಕೂತರು. ಅರವತ್ತಾರರ ಮನುಷ್ಯ, ಬಾಯಲ್ಲಿ ಶಿಳ್ಳೆ ಬೇರೆ.

ಆಮೇಲೆ ಚೀಟಿ ತೆಗೆದು ಓದಿದೆ. ಕೊನೆಯಲ್ಲಿ ನಿನ್ನ ವಾಕ್ಯ, ಪಕ್ಕದಲ್ಲಿ 'ನಾದಿನಿಯ ಪತ್ರದಿಂದ'. ನನಗೆ ಹೊಟ್ಟೆಕಿಚ್ಚಾಯಿತು, ನಿನ್ನ ಹತ್ತಿರ ಮುಚ್ಚಿಟ್ಟು ಏನು ಬಂತು. ಹದಿನೈದು ದಿನ ಬಿಸಿನೀರಿನ ಶಾಖ ಕೊಟ್ಟವಳು ನಾನು, ಅಚ್ಚಾಗುವುದು ನಿನ್ನ ಮಾತು. ಚೀಟಿಯನ್ನೂ ನಿನ್ನ ಕಾಗದವನ್ನೂ ನನ್ನ ದಿಂಬಿನ ಕವರಿನೊಳಗೆ ತುರುಕಿಬಿಟ್ಟೆ.

ಮೊನ್ನೆ ಪ್ರೆಸ್ಸಿನವರು ಬಂದು ಕಕಾರದ ಚೀಟಿಗಳ ಪೆಟ್ಟಿಗೆ ಸೋಮವಾರ ಬೇಕು ಎಂದರು. ಇವರು ಮಂಚದ ಕೆಳಗೆಲ್ಲ ತೂರಿ ಹುಡುಕುತ್ತಿದ್ದಾರೆ. "ಇನ್ನೊಂದು ಬರೀರಿ, ವಾಕ್ಯಕ್ಕೇನು ಬರವೇ?" ಎಂದೆ. "ಅವಳು ಬರೆದಷ್ಟು ಚೆನ್ನಾಗಿ ಬರಬೇಕಲ್ಲ," ಎಂದರು.

ಚೀಟಿ ಈ ಲಕೋಟೆಯಲ್ಲೇ ಇದೆ. ಹರಿಯಲು ಕೈ ಬರಲಿಲ್ಲ, ಅವರಿಗೆ ಕೊಡಲು ಮನಸ್ಸು ಬರಲಿಲ್ಲ. ನೀನೇ ಇಟ್ಟುಕೋ. ಬೇಸಿಗೆಗೆ ಮತ್ತೆ ಬರುತ್ತೇನೆ ಎಂದಿದ್ದೀಯ. ನಾನಾಗಿ ಕರೆಯುವತನಕ ಬರಬೇಡ.

ಮಕ್ಕಳು ಚೆನ್ನಾಗಿರಲಿ. ನಿನ್ನ ಸೊಂಟವೂ ಗಟ್ಟಿಯಾಗಿರಲಿ, ಅದನ್ನು ಮನಸಾರೆ ಹೇಳುತ್ತಿದ್ದೇನೆ.

ನಿನ್ನ ಅಕ್ಕ

ತಾ.ಕ.: ತಡವಾದದ್ದು ಸಿಟ್ಟಿನಿಂದಲ್ಲ. ಮೂವತ್ತೆಂಟು ವರ್ಷ ಅವರೊಡನೆ ಮಾತಾಡಿದ್ದೇನೆ, ನನ್ನದೂ ಒಂದು ವಾಕ್ಯ ಇರಲೇಬೇಕು ಎಂದು, ಅವರು ಸ್ನಾನಕ್ಕೆ ಹೋದಾಗ ದಿನಕ್ಕೊಂದು ಪೆಟ್ಟಿಗೆ ಹುಡುಕಿದೆ. ನಿನ್ನೆ ಸಿಕ್ಕಿತು. ಪದ 'ಮುಗಿ'. ವಾಕ್ಯ 'ಉಪ್ಪು ಮುಗಿದಿದೆ'. ಯಾರು ಹೇಳಿದ್ದು ಎಂದು ಬರೆದಿಲ್ಲ.