ನಿಂಬೆವ್ವನ ಟಾನಿಕ್ ಬಾಟಲಿ

ಗುಳೇದಗುಡ್ಡ
೩೦ ಫೆಬ್ರವರಿ ೨೦೭೪

ಪೂಜ್ಯ ನಿಂಬೆವ್ವನವರಿಗೆ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ, ಪಾಪ, ಅದಕ್ಕೆ ಬಹಳ ವರ್ಷ ಕಡಿಮೆ ಬಿದ್ದಿತ್ತು. ನನ್ನ ಮಾತು ಅಲ್ಲಲ್ಲಿ ವಿಚಿತ್ರ ಎನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಇದು ಹಿಮ್ಮುಖ ಅಂಚೆಯಲ್ಲಿ, ಅಂದರೆ ಕಳೆದುಹೋದ ಕಾಲಕ್ಕೆ ಕಾಗದ ಒಯ್ಯುವ ಅಂಚೆಯಲ್ಲಿ, ಬರುತ್ತಿದೆ. ಸಾವನ್ನು ತಪ್ಪಿಸುವ ಕಾಗದವನ್ನು ಅದು ಒಯ್ಯುವುದಿಲ್ಲ. ಮೊದಲು ಅದನ್ನೇ ಬರೆದಿದ್ದೆ, ತಿರುಗಿ ಬಂತು. ನಿಮ್ಮ ಯಜಮಾನರನ್ನು ಉಳಿಸಲಾಗಲಿಲ್ಲ, ಕ್ಷಮಿಸಿ.

೧೯೮೯ರಲ್ಲಿ ಕೆಮ್ಮಿನ ಟಾನಿಕ್ಕಿಗೆ ಯಾರೋ ವಿಷ ಬೆರೆಸಿದರು. ನಿಮ್ಮವರೂ ಸೇರಿ ಮೂವರು ನೇಕಾರರು ಸತ್ತರು. ಅದನ್ನು ಮಾರಿದ ಔಷಧ ಅಂಗಡಿಯ ಸಂಗನಬಸಪ್ಪ ನನ್ನ ಮುತ್ತಜ್ಜ. ಪೊಲೀಸರಿಗೆ ಸಾಕ್ಷಿ ಸಿಗಲಿಲ್ಲ, ಊರವರು ಮಾತ್ರ ಅವನೇ ಎಂದು ತೀರ್ಮಾನಿಸಿಬಿಟ್ಟರು. ಇವತ್ತಿಗೂ ನಮ್ಮ ಮನೆಗೆ ಬಂದವರು "ಈಗರ ಕುಡದ ಬಂದೇವ್ರಿ" ಎಂದು ನೀರಿನ ಲೋಟ ಪಕ್ಕಕ್ಕಿಡುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ನಿಜ ಏನೆಂದು ಒಮ್ಮೆ ತಿಳಿದುಬಿಡಲಿ ಎಂದು ಹಟ ಹಿಡಿದು ಪ್ರಕರಣ ಮತ್ತೆ ತೆರೆಸಿದೆ.

ನಮ್ಮಲ್ಲಿ ಗಾಜೋದುಗ ಎಂಬ ಪೆಟ್ಟಿಗೆ ಇದೆ. ಬಾಟಲಿಯನ್ನು ಅದರೊಳಗಿಟ್ಟರೆ ಯಾರು ಮುಟ್ಟಿದರು, ಯಾರು ಏನು ಬೆರೆಸಿದರು, ಎಲ್ಲ ಹೇಳುತ್ತದೆ. ಈಗ ಔಷಧವೆಲ್ಲ ನಾಲಿಗೆಗೆ ಅಂಟಿಸುವ ಎಲೆಯಲ್ಲಿ ಬರುವುದರಿಂದ, ಪೊಲೀಸರು ಕಡತದ ಜೊತೆ ಕಾದಿಟ್ಟಿದ್ದ ನಿಮ್ಮ ಮನೆಯ ಟಾನಿಕ್ ಬಾಟಲಿಯನ್ನು ಪೆಟ್ಟಿಗೆಯೊಳಗಿಡುವಾಗ, ಬಾಟಲಿ ಹೇಗಿರುತ್ತದೆ ಎಂದು ನೋಡಲು ಕಚೇರಿಯವರೆಲ್ಲ ಸುತ್ತ ನಿಂತರು. ಪೆಟ್ಟಿಗೆ ಹೇಳಿದ್ದು ಇಷ್ಟೇ: ಒಲೆಯ ಬೂದಿ, ತೆಂಗಿನ ನಾರು, ಕೊಬ್ಬರಿ ಎಣ್ಣೆ, ನಿಮ್ಮ ಬೆರಳು.

ಕಡತದಲ್ಲಿ ನಿಮ್ಮ ಹೇಳಿಕೆ ಸಿಕ್ಕಿತು: "ಗಟ್ಟಿ ಬಾಟ್ಲಿ ಐತ್ರಿ, ಒಗ್ಯಾಕ ಮನಸಾಗ್ಲಿಲ್ಲ. ತೊಳದು ಎಣ್ಣಿ ತುಂಬೀನ್ರಿ." ನಿಮ್ಮನ್ನು ಹೇಗೆ ಬೈಯಲಿ? ನನ್ನ ತಾಯಿಯೂ ಒಂದು ಖಾಲಿ ಡಬ್ಬಿ ಎಸೆದವಳಲ್ಲ. ಉಳಿದೆರಡು ಬಾಟಲಿ ಆಗಲೇ ಒಡೆದುಹೋಗಿದ್ದವು. ಇದೊಂದು ಉಳಿದದ್ದೇ ನೀವು ಜೋಪಾನ ಮಾಡಿದ್ದರಿಂದ.

ಯಜಮಾನರನ್ನು ಮಣ್ಣು ಮಾಡಿ ಬಂದ ಮಧ್ಯಾಹ್ನ ಈ ಕಾಗದ ನಿಮ್ಮ ಕೈ ಸೇರುತ್ತದೆ. ಬಾಟಲಿ ಕಿಟಕಿಯಲ್ಲಿರುತ್ತದೆ. ದಯವಿಟ್ಟು ತೊಳೆಯಬೇಡಿ. ಬಟ್ಟೆಯಲ್ಲಿ ಸುತ್ತಿ ಹಾಗೆಯೇ ಪೊಲೀಸರಿಗೆ ಕೊಡಿ. ವಿಷ ಬೆರೆಸಿದ್ದು ಮುತ್ತಜ್ಜನೇ ಎಂದಾದರೆ ಅಳುತ್ತೇನೆ, ಆದರೂ ನನಗೆ ತಿಳಿಯಬೇಕು.

ಆ ಬಾಟಲಿ ಈಗ ನನ್ನ ಮೇಜಿನ ಮೇಲಿದೆ. ನೀವು ನನ್ನ ಮಾತು ನಡೆಸಿಕೊಟ್ಟರೆ ಅದರ ತಳದಲ್ಲಿ ಟಾನಿಕ್ಕಿನ ಕಂದು ಕಲೆ ಕಾಣಿಸಬೇಕು. ಬರೆಯುತ್ತ ಬರೆಯುತ್ತ ನಾಲ್ಕು ಸಲ ಎತ್ತಿ ನೋಡಿದೆ. ಇನ್ನೂ ಫಳಫಳ ಹೊಳೆಯುತ್ತಿದೆ.

ನಿಮ್ಮ ದಾರಿ ಕಾಯುತ್ತಿರುವ
ಇಂಚರಾ